ಕಾಲಂ ಹದಿನಾಲ್ಕು

ನಮೂನೆಯಲ್ಲಿ ಹದಿನಾಲ್ಕನೇ ಕಾಲಂ:
'ಬಾಲಕನು ಹೀಗೆ ಮಾಡಲು ಕಾರಣ'.
ಮುಂದೆ ಒಂದೂವರೆ ಗೆರೆ ಜಾಗ.
ಆ ಅರ್ಧ ಗೆರೆಯ ಮೇಲೂ
ಕಚೇರಿಯ ಗುಂಡು ಸೀಲು ಕೂತಿದೆ.

ಹುಚ್ಚೇಶ, ಹದಿನಾರು ವರ್ಷ, ಬಾಗಲಕೋಟೆ ನವನಗರ.
ಹಾಜರಿ ಕರೆಯುವಾಗ ಮಾಸ್ತರು
ಹೆಸರಿನ ಮೊದಲರ್ಧಕ್ಕೇ ನಿಲ್ಲಿಸುತ್ತಿದ್ದರಂತೆ,
ಇಡೀ ಕ್ಲಾಸು ನಕ್ಕ ಮೇಲೆ ಉಳಿದರ್ಧ.
ಒಂಬತ್ತನೇ ಇಯತ್ತೆಯ ದೀಪಾವಳಿ ಸೂಟಿಗೆ ಬಂದವ
ತಿರುಗಿ ಹೋಗಲಿಲ್ಲ.
ಸೆಕ್ಟರಿನ ಹುಡುಗರು ಅವನಿಗೆ 'ವಾಯರ್' ಎಂದು ಹೆಸರಿಟ್ಟರು.
ಆ ಹೆಸರಿಗೆ ಯಾರೂ ನಗಲಿಲ್ಲ.

ಐದು ಮಂದಿ. ನೀರಿನ ಟಾಕಿಯ ಕೆಳಗೆ ಬೈಠಕ್ಕು.
ಕದಿಯಲು ಹೊರಡುವುದಕ್ಕೆ ಅವರ ಮಾತು
'ಹಿನ್ನೀರಿಗೆ ಹೋಗೂದು'.
ಸಿಕ್ಕಿದ್ದನ್ನು ಸಮ ಹಂಚಬೇಕು;
ಹೆಸರು ಬಾಯಿಬಿಟ್ಟವನ ತಲೆ ಬೋಳಿಸಬೇಕು;
ಯಾರ ತಾಯಿಯಾದರೂ ದವಾಖಾನೆಯಲ್ಲಿದ್ದರೆ
ಆ ವಾರದ ಗುಜರಿ ರೊಕ್ಕ ಪೂರಾ ಆಕೆಗೆ.
ಇದಕ್ಕೆ ನಮೂನೆಯಲ್ಲಿ ಕಾಲಮ್ಮೇ ಇಲ್ಲ.

ಬೇಸಿಗೆಯಲ್ಲಿ ನೀರು ಇಳಿದಾಗ
ಹಳೇ ಊರಿನ ಬುನಾದಿಗಳು ಒಂದೊಂದೇ
ಮೈ ಒಣಗಿಸಿಕೊಳ್ಳುತ್ತವೆ.
ಮೊದಲ ಸಲ ಅಲ್ಲಿಂದ ತಂದದ್ದು ನಾಲ್ಕು ಸರಳು.
"ಅದು ನಮ್ಮಜ್ಜನ ಮನಿ ಕಿಡಕಿರಿ ಅಕ್ಕಾರ.
ನಮ್ಮ ಕಿಡಕಿ ನಾವು ತಂದ್ರ ಕಳವು ಹೆಂಗ ಆಗತೈತಿ?"
ಪರಿಹಾರ ಎಣಿಸಿಕೊಂಡ ಮೇಲೆ ಕಿಡಕಿ ಸರಕಾರದ್ದು.
ಎಣಿಸಿದ್ದು ಅವನು ಹುಟ್ಟುವ ಮೊದಲು.
ಆ ರೊಕ್ಕ ಕಾಕಾನ ಟೆಂಪೊ ಆಗಿ,
ಟೆಂಪೊ ಕೋರ್ಟು ಕೇಸಾಗಿ ಮುಗಿದಿತ್ತು.

ಕಿಡಕಿಯಿಂದ ಪಂಪುಸೆಟ್ಟಿನ ತಾಮ್ರದ ತಂತಿಗೆ
ಎಷ್ಟು ದೂರ? ಒಂದು ಬದು.
"ಅವರೂ ಹಿನ್ನೀರ ಕದ್ದ ಎತ್ತತಾರ್ರೀ,
ಪರ್ಮಿಶನ್ ಐತೇನ ಕೇಳ್ರಿ."

ತರಬೇತಿಯಲ್ಲಿ ಧಾರವಾಡದ ಪ್ರಾಧ್ಯಾಪಕರೊಬ್ಬರು
ಹಲಗೆಯ ಮೇಲೆ ಬಾಣ ಹಾಕಿ ತೋರಿಸಿದ್ದರು:
ಬಡತನ, ಅಲ್ಲಿಂದ ಶಾಲೆ ಬಿಟ್ಟದ್ದು, ಅಲ್ಲಿಂದ ಸಹವಾಸ,
ಕೊನೆಗೆ ಅಪರಾಧ, ಚೌಕದೊಳಗೆ.
ನಾನೂ ಬರೆದುಕೊಂಡೆ, ದುಂಡಗಿನ ಅಕ್ಷರದಲ್ಲಿ.
ಸಭೆಯಲ್ಲಿ ಕೇಳಲು ನಾಚಿಕೆಯಾಗಿತ್ತು:
ಬಾಣ ಬಡತನದಿಂದಲೇ ಹೊರಟರೆ
ನಮ್ಮಣ್ಣನನ್ನು ಮುಟ್ಟಿದ್ದು ಯಾವುದು?

ವಿರೂಪಾಕ್ಷಣ್ಣ ಎಂಟನೇ ಇಯತ್ತೆಯಲ್ಲಿ
ಶಾಲೆಯ ಗಂಟೆಯನ್ನೇ ಬಿಚ್ಚಿ ಗುಜರಿಗೆ ಹಾಕಿದ.
ಮೂರು ದಿನ ಜವಾನ ರೈಲುಪಟ್ಟಿಯ ತುಂಡು ಬಾರಿಸಿದ.
ಅಪ್ಪ ಅದೇ ಶಾಲೆಯ ಹೆಡ್ ಮಾಸ್ತರು.
ನಾಲ್ಕನೇ ದಿನ ಗುಜರಿಯವನೇ ಗಂಟೆ ತಂದುಕೊಟ್ಟು
ಚಹಾ ಕುಡಿದು ಹೋದ.
ಅವ್ವ ಸೆರಗು ಬಾಯಿಗೆ ಒತ್ತಿಕೊಂಡು
"ಭಾಳ ಉಡಾಳ ಐತಿ ನಮ್ಮ ಹುಡುಗ" ಅಂದಳು.

ಉಡಾಳ.
ಆ ಮಾತಿಗೆ ಕಲಂ ಇಲ್ಲ, ಉಪಕಲಂ ಇಲ್ಲ,
ಬೆರಳಚ್ಚು ಒತ್ತಬೇಕಿಲ್ಲ.
ಈಗ ಅವನು ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್.
ಮದುವೆ, ಜವಳ, ಎಲ್ಲಿ ಹೋದರೂ
ಗಂಟೆಯ ಕಥೆ ತಾನೇ ಹೇಳಿ ನಗಿಸುತ್ತಾನೆ.
ಹುಚ್ಚೇಶ ತನ್ನ ಕಥೆ ಯಾವ ಮದುವೆಯಲ್ಲಿ ಹೇಳಬೇಕು?

ವಿಚಾರಣೆ ಮುಗಿದು ಫೈಲು ಕಟ್ಟುವಾಗ ಕೇಳಿದ:
"ಹಳೇ ಊರಾಗ ಹುಡುಗ್ರು ಎಲ್ಲಿ ಕೂಡ್ತಿದ್ರು ಅಕ್ಕಾರ?"
ಕಟ್ಟೆಗಳ ಮೇಲೆ, ಅಂದೆ.
ನಮ್ಮ ಓಣಿಯಲ್ಲಿ ಮನೆಗೊಂದು ಕಟ್ಟೆ.
ಯಾವನಾದರೂ ಬೀಡಿ ಹಚ್ಚಿದರೆ ಸಾಕು,
ಬೆನ್ನ ಹಿಂದಿನ ಕತ್ತಲಿಂದ ಯಾವಳೋ ಮುದುಕಿ
"ಯಾರ ಮಗನಲೇ ನೀ?"
ಆ ಪ್ರಶ್ನೆಗೆ ಹೆದರಿ ನಾವೆಲ್ಲ
ಆ ಊರು ಯಾವಾಗ ಬಿಟ್ಟೇವೋ ಅಂತಿದ್ದೆವು.

"ನಮ್ಮನ್ನ ಯಾರೂ ಹಂಗ ಕೇಳಂಗಿಲ್ರಿ."
ಸ್ವಲ್ಪ ತಡೆದು,
"ಇಲ್ಲ, ಕೇಳ್ಯಾರ. ಠಾಣೇದಾಗ.
ತಂದಿ ಹೆಸರು ಏನಂತ. ಸ್ಪೆಲ್ಲಿಂಗ ಸುದ್ದಾ ಕೇಳಿದ್ರು."

ನಾಳೆ ಹನ್ನೊಂದಕ್ಕೆ ಮಂಡಳಿ.
'ಸಹವಾಸ ದೋಷ' ಎಂದು ಬರೆದರೆ
ಒಂದು ಗೆರೆಯಲ್ಲೇ ಹಿಡಿಸುತ್ತದೆ, ಸೀಲಿಗೆ ತಾಗುವುದಿಲ್ಲ.
ಬರೆದೆ.
ಯಾರ ಸಹವಾಸ, ಎಂದು
ಮೇಜಿನ ಆಚೆಯಿಂದ ಯಾರಾದರೂ ಕೇಳಿಯಾರು ಎಂದು
ಪ್ರತಿ ಸಲ ಹಾಗೇ ಬರೆಯುತ್ತೇನೆ.
ಹನ್ನೊಂದು ವರ್ಷವಾಯಿತು.