ಕಳೆ

ವಾನವಡಿಯ ಸೊಸೈಟಿ ಗೇಟಿನ ಎಡಕ್ಕ
ಸಾಗೋ ಪಾಮ್ ನಟ್ಟಾಕಿ ನಾನ.
ನೀರು ಕಮ್ಮಿ, ಶೋ ಭಾಳ, ಅಂದಿದ್ದ ನರ್ಸರಿಯವ.

ಎರಡನೇ ಮಾಳಿಗಿ ಘೈಸಾಸ ಬಾಯಿಯ ನಾಯಿ, ಖಾರಿ.
ಚಹಾದಾಗ ಅದ್ದಿದ ಖಾರಿ ಬಿಟ್ರ ಬ್ಯಾರೆ ಏನೂ ಮೂಸ್ತಿದ್ದಿಲ್ಲ.
ಬಿಸಿಲೇರಿದ ಮ್ಯಾಲ ನನ್ನ ಬುಟ್ಟಿ ನೆರಳಾಗ ಮಲಗೂದು.

ದಸರಾ ಮುಗಿದ ವಾರ ಗಿಡದ ನೆತ್ತಿ ಬಿಚ್ಚಿತು.
ಉದುರಿದ್ವು ಕಾಯಿ, ಕೇಸರಿ ಬಣ್ಣ, ಗೋಲಿಗಿಂತ ತುಸು ದೊಡ್ಡವು.
ಖಾರಿ ಉರುಳಿಸಿ ಉರುಳಿಸಿ ಆಡಿತು.
ಕಟಕ್ಕನ ಕಡಿದ ಸಪ್ಪಳ.
ನಾ ನಕ್ಕೆ.

ರಾತ್ರಿ ವಾಂತಿ. ಮೂರನೇ ದಿನ
ಕಣ್ಣಿನ ಬಿಳಿಗೆ ಯಾರೋ ಅರಿಷಿಣ ಹಚ್ಚಿದಂಗ.
ಲಿವರ್, ಅಂದ್ರಂತ ಡಾಕ್ಟರು. ಯಕೃತ, ಅಂದ್ರು ಬಾಯಿ ಮರಾಠಿಯಾಗ.
ನಮ್ಮ ಇಂಡಿ ಕಡೆ ಕಾಮಣಿ ಅಂತಾರ, ಅಂದೆ.
ನನ್ನ ತಮ್ಮಗ ಆದಾಗ ಅವ್ವ
ನೆಲನೆಲ್ಲಿ ಅರೆದು ಮಜ್ಜಿಗ್ಯಾಗ ಕುಡಿಸಿದ್ಲು.

ಆ ನೆಲನೆಲ್ಲಿ
ಇದ ಗಿಡದ ಬುಡಕ್ಕ ಹುಟ್ಟತಿತ್ತು,
ಸೋಮವಾರಕ್ಕೊಮ್ಮೆ ನಾ ಕಿತ್ತು ಒಗೀತಿದ್ದೆ.
ಅವತ್ತು ಒಂದು ಹಿಡಿ ತೊಳಕೊಂಡು ಲಿಫ್ಟ್ ಹತ್ತಿದೆ,
ಮಾಲಿಗಳಿಗಲ್ಲದ ಲಿಫ್ಟು.
ಬಾಯಿ ತಗೊಂಡ್ರು. ದವಾಖಾನ್ಯಾಗ ಸಲಾಯಿನ್ ನಡದೈತಿ, ಅಂದ್ರು.
ಮರುದಿನ ತಲಿ ಎತ್ತಿ ನೋಡಿದ್ರ ಆ ಹಿಡಿ
ಅವರ ಕಿಡಕಿಯಾಗ, ಗ್ಲಾಸಿನ ನೀರಾಗ ನಿಂತಿತ್ತು.

ಖಾರಿ ಬರಲಿಲ್ಲ.

ಗಿಡ ಐತಿ. ಎಂಟು ಸಾವಿರ ಕೊಟ್ಟದ್ದು, ಕಮಿಟಿ ಕಡಿಸೂದಿಲ್ಲ.
ಬೆಳಿಗ್ಗೆ ಬಂದ ಕೂಡ್ಲೆ ಕಾಯಿ ಆರಿಸ್ತೀನಿ,
ಎಣಸ್ತೀನಿ, ಸೆರಗಿಗೆ ಗಂಟು ಹಾಕತೀನಿ.
ಮಾವಶಿ, ಬುಡದಾಗ ಕಳೆ ಬೆಳದೈತಿ ನೋಡು, ಕೀಳು,
ಅಂದ ಸೆಕ್ರೆಟರಿ.
ಹೂಂ ಅಂದೆ.
ಕುರ್ಚಿಗಿ ಹಿಡಕೊಂಡು ಕುಂತೆ.
ಯಾವುದನ್ನ, ಅಂತ ಕೇಳಲಿಲ್ಲ.