ಹಿಡಿದುಕೊಳ್ಳುವವಳು

ಹೊಲಿಯುವವರು ಡಾಕ್ಟರ್ ಓರ್ಮೆನ್ಯೊ. ನಾನು ಹಿಡಿದುಕೊಳ್ಳುವವಳು.
ವಾಲ್ಪರೈಸೊದ ಈ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ಇದೇ ನನ್ನ ಕೆಲಸ: ಅಲುಗದ ಹಾಗೆ
ಎರಡು ಅಂಗೈ ನಡುವೆ ಒಂದು ತಲೆ.

ಊರು ಅಂಥದ್ದು. ನಲವತ್ತು ಚಿಲ್ಲರೆ ಗುಡ್ಡ,
ಗುಡ್ಡಕ್ಕೆ ನೂರಾರು ಮೆಟ್ಟಿಲು,
ಮೆಟ್ಟಿಲಿಗೊಂದು ಸವೆದ ತುದಿ.
ನಡೆ ಕಲಿತ ಕೂಸಿಗೆ ಇಲ್ಲಿ ಮೊದಲ ಪಾಠ ಹೇಳುವುದು
ಅವ್ವನಲ್ಲ, ಸಿಮೆಂಟು.

ಇವತ್ತು ಬಾಲ್ತಸಾರ್. ಮೂರು ತುಂಬಿ ಹನ್ನೊಂದು ದಿನ.
ಕೈಯಲ್ಲಿದ್ದ ಮರ್ರಕೇತ ಬ್ರೆಡ್ಡು ಬಿಡದೆ ಬಿದ್ದದ್ದರಿಂದ
ಕೈ ಮಾಡಬೇಕಾದ ಕೆಲಸ ಮುಖ ಮಾಡಿತು.
ಮೇಲ್ದುಟಿ ಸೀಳಿದೆ. ಹಲ್ಲು, ಪುಣ್ಯ, ಗಟ್ಟಿ.
ಬ್ರೆಡ್ಡು ಇನ್ನೂ ಮುಷ್ಟಿಯಲ್ಲಿ, ಒದ್ದೆ, ಕೆಂಪಗೆ;
ಕೇಳಿದರೆ ಕೊಡುವುದಿಲ್ಲ.

ಎತ್ತಿಕೊಂಡು ಓಡಿಬಂದ ಅಪ್ಪ ಬಂದರಿನಲ್ಲಿ ದುಡಿಯುವವನು,
ತೋಳು ದಪ್ಪದ ಹಗ್ಗಕ್ಕೆ ಗಂಟು ಹಾಕಿ ಹಡಗು ನಿಲ್ಲಿಸುವವನು.
"ಎಷ್ಟು ಹೊಲಿಗೆ?" ಅಂದ.
"ಆರೋ ಏಳೋ" ಅಂದರು ಡಾಕ್ಟರು.
ದಾರ ತೋರಿಸಿದೆ, ಅವನ ಮಗನ ಕೂದಲಿಗಿಂತ ತೆಳು.
ಅಷ್ಟೇ. ಗೋಡೆಗೆ ಬೆನ್ನು ಉಜ್ಜುತ್ತ ಜಾರಿ ಕೂತುಬಿಟ್ಟ.
ಅವನಿಗೆ ನೀರು ಕೊಟ್ಟೆ.

ಮೊದಲು ಸೂಜಿಯಲ್ಲ. ಮೊದಲು ಶಾಯಿ.
ತುಟಿಯ ಕೆಂಪು ಎಲ್ಲಿ ಮುಗಿದು ಚರ್ಮದ ಬಣ್ಣ ಎಲ್ಲಿ ಶುರುವೋ
ಆ ಅಂಚಿನ ಮೇಲೆ
ಸೀಳಿನ ಈಚೆ ಒಂದು ಚುಕ್ಕೆ, ಆಚೆ ಒಂದು.
ಮರಗಟ್ಟಿಸುವ ಮದ್ದು ಹೊಕ್ಕರೆ ತುಟಿ ಊದಿ
ಗೆರೆ ಅಳಿಸಿಹೋಗುತ್ತದೆ.
ಗೆರೆ ಒಂದು ಮಿಲಿಮೀಟರ್ ತಪ್ಪಿದರೂ ಬೀದಿಯ ಆ ಬದಿಗೆ ಕಾಣುತ್ತದೆ.
ನಕ್ಕಾಗ ಇನ್ನೂ ಹೆಚ್ಚು.

ಬಟ್ಟೆಯಲ್ಲಿ ಸುತ್ತಿದೆವು, ಮುಸುಕಿನ ಜೋಳದ ತೆನೆಯ ಹಾಗೆ,
ಬ್ರೆಡ್ಡೂ ಒಳಗೇ.
ಚುಚ್ಚಿದಾಗ ಅವ ಕೂಗಿದ ಕೂಗಿಗೆ
ಕಾರಿಡಾರಿನಲ್ಲಿ ಯಾರೋ ಶಿಲುಬೆಯ ಗುರುತು ಮಾಡಿಕೊಂಡರಂತೆ.
ಆಮೇಲೆ ತೊಳೆದರು, ಬಹಳ ಹೊತ್ತು, ಮರಳಿನ ಕೊನೆಯ ಕಣದವರೆಗೆ.
ನಾನು ಅವನ ನೆತ್ತಿಯ ಕಡೆ ನಿಂತಿದ್ದೆ.
ಮದ್ದೇರಿದ ತೊದಲುಬಾಯಲ್ಲಿ ಕೇಳಿದ:
"ನಿನ್ನ ಬಾಯಿ ಯಾಕೆ ಕಣ್ಣಿನ ಮೇಲಿದೆ?"
"ನಾನೂ ಬಿದ್ದಿದ್ದೆ. ತಿರುಗಾಮುರುಗಾ ಅಂಟಿಸಿದರು."
ಅವ ಅದನ್ನು ಯೋಚಿಸತೊಡಗಿದ.
ಆ ಯೋಚನೆಯೊಳಗೆ ಡಾಕ್ಟರು
ಚುಕ್ಕೆಗೆ ಚುಕ್ಕೆ ಸೇರಿಸಿಬಿಟ್ಟರು.

ಐದನೇ ದಿನ ದಾರ ಬಿಚ್ಚಿಸಲು ಬರುವ ಮಕ್ಕಳು
ಡಾಕ್ಟರ ಮಂಡಿ ಏರುತ್ತವೆ, ನನ್ನ ಕಂಡರೆ ಮುಖ ಮುಚ್ಚಿಕೊಳ್ಳುತ್ತವೆ.
ಸರಿಯೇ. ಸೂಜಿ ಚುಚ್ಚಿ ಹೋಗುತ್ತದೆ,
ಕೈ ಬಿಡಲಿಲ್ಲವಲ್ಲ.

ಬಿಟ್ಟದ್ದೂ ಉಂಟು, ಒಮ್ಮೆ.
ಹದಿನಾಲ್ಕು ವರ್ಷದ ಹಿಂದೆ, ಯನೀರಾ, ಆರು ವರ್ಷದವಳು,
ಮೊದಲ ಹೊಲಿಗೆ, ನನಗೆ ಸೀನು.
ತಡೆದೆ. ತಡೆದದ್ದು ಸಾಲಲಿಲ್ಲ.
ಬೆರಳು ಸಡಿಲಿ, ತಲೆ ಕದಲಿ,
ಬಿಚ್ಚಿ ಮತ್ತೆ ಹೊಲಿಯುವಷ್ಟರಲ್ಲಿ ಅಂಚು ಜಜ್ಜಿಹೋಗಿತ್ತು.
ಡಾಕ್ಟರು ಏನೂ ಅನ್ನಲಿಲ್ಲ. ಅವತ್ತಿನಿಂದ
ಗಂಟು ಹಾಕುವ ಮುಂಚೆ "ಎರ್ಸಿಲಿಯಾ?" ಅನ್ನುತ್ತಾರೆ, ಅಷ್ಟೇ.

ಈಗ ಅವಳು ಮೀನಂಗಡಿಯಲ್ಲಿ ತಕ್ಕಡಿ ಹಿಡಿಯುತ್ತಾಳೆ.
ಬುಧವಾರ ಬುಧವಾರ ಬೇಡದ ಮೀನನ್ನೂ ಕೊಳ್ಳುತ್ತೇನೆ.
ಚಿಲ್ಲರೆ ಎಣಿಸುವಾಗ ತುಟಿಯ ಎಡಗಡೆ
ಒಂದು ಸಣ್ಣ ಮೆಟ್ಟಿಲು ಏರುತ್ತದೆ.
ನನ್ನ ಗುರುತು ಅವಳಿಗಿಲ್ಲ.
"ಮುಳ್ಳು ತೆಗೆದುಕೊಡಲಾ ಅಮ್ಮಾ?" ಅನ್ನುತ್ತಾಳೆ.
ಬೇಡ ಅನ್ನುತ್ತೇನೆ.

ಏಳು ಹೊಲಿಗೆ ಆಯಿತು.
ಒಂದು ವರ್ಷ ಬಿಸಿಲಿಗೆ ತೋರಿಸಬೇಡಿ ಅಂದೆ, ಟೋಪಿ ಹಾಕಿ.
ಅಪ್ಪ ತಲೆಯಾಡಿಸಿದ, ಏನೂ ಕೇಳಿಸಿಕೊಳ್ಳದವನ ಹಾಗೆ.
ಬಟ್ಟೆ ಬಿಚ್ಚುವಾಗ ಬಾಲ್ತಸಾರ್ ನಿದ್ದೆಗೆ ಜಾರಿದ್ದ,
ಮುಷ್ಟಿ ತಾನಾಗಿ ತೆರೆದಿತ್ತು.
ಎಸೆಯಲು ಮನಸ್ಸಾಗದೆ ಆ ಬ್ರೆಡ್ಡನ್ನು
ಗಾಜ್ ಬಟ್ಟೆಯಲ್ಲಿ ಸುತ್ತಿ ಅಪ್ಪನ ಜೇಬಿಗೆ ಹಾಕಿದೆ.
ಎದ್ದರೆ ಕೇಳಿಯೇ ಕೇಳುತ್ತಾನೆ.