ಮಡಿಲಿಲ್ಲದ ಸೀರೆ

ಭಾನುವಾರ, ಕಾರವಾರದ ಸಂತೆ.
ಒಣಮೆಣಸಿನವನ ಪಕ್ಕ ನೀಲಿ ತಾಡಪಾಲಿನ ಮೇಲೆ
ರಾಶಿ ಬಿದ್ದಿದೆ ಕಚ್ಚೆ ಸೀರೆ:
ಹೊಲಿದೇ ಬಂದದ್ದು, ಮಡಿಸಿಯೇ ಬಂದದ್ದು,
ಸೊಂಟಕ್ಕೆ ಇಲಾಸ್ಟಿಕ್ಕು, ಬೆನ್ನಿಗೆ ವೆಲ್ಕ್ರೋ,
ಸೂರತ್ತಿನ ಲಾರಿಯ ವಾಸನೆ ಇನ್ನೂ ಆರಿಲ್ಲ.
“ಇನ್ನೂರೆಂಬತ್ತು! ಎರಡೇ ನಿಮಿಷ! ಇನ್ನೂರೆಂಬತ್ತು!”

ನಾನು ದರ್ಜಿ. ಅಂಕೋಲೆಯ ಬಸ್ ಸ್ಟ್ಯಾಂಡಿನ ಹಿಂದೆ
ಇಪ್ಪತ್ತಾರು ವರ್ಷದಿಂದ ರವಿಕೆ ಹೊಲಿಯುತ್ತೇನೆ.
ಸೀರೆಗೆ ಫಾಲ್ ಹಚ್ಚುತ್ತೇನೆ. ಸೀರೆಯನ್ನೇ ಹೊಲಿಯುವುದಿಲ್ಲ.
ಬೋರ್ಡಿನಲ್ಲಿ ಬರೆಸಿಲ್ಲ, ಆದರೂ ಊರಿಗೆ ಗೊತ್ತು.
ಒಂದನ್ನು ಎತ್ತಿ ಒಳಮೈ ತಿರುಗಿಸಿದೆ.
ಒಂದೆಳೆ ಜಗ್ಗಿದರೆ ಇಡೀ ಬೆನ್ನು ಬಿಚ್ಚುವ ಹೊಲಿಗೆ.
ನಿರಿಗೆ ಐದು. ಐದೂ
ಇಸ್ತ್ರಿಯ ಕೆಳಗೆ ಒಮ್ಮೆ ಮಲಗಿ ಮತ್ತೆ ಏಳದವು.

ನಮ್ಮಲ್ಲಿ ಸೀರೆ ಉಡುತ್ತಾರೆ, ಅಂಗಿ ತೊಡುತ್ತಾರೆ,
ಹೂ ಮುಡಿಯುತ್ತಾರೆ, ಬೊಟ್ಟು ಇಡುತ್ತಾರೆ.
ಹಾಕುವುದು ಚಪ್ಪಲಿಯನ್ನು, ಚಿಲಕವನ್ನು.
ಇದಕ್ಕೆ ಯಾವ ಮಾತು?

ಬೇಲೆಕೇರಿಯ ಬುದವಂತಿ ಉಡುವುದನ್ನು ನೋಡಬೇಕಿತ್ತು ನೀವು.
ಒಂಬತ್ತು ಗಜ, ನಸುಕಿನ ಕತ್ತಲೆಯಲ್ಲಿ,
ಎಲೆ ಜಗಿಯುತ್ತ, ಯಾರನ್ನೋ ಬೈಯುತ್ತ,
ಕಾಲ ನಡುವಿನಿಂದ ತುದಿ ಎಳೆದು ಹಿಂದೆ ಸಿಕ್ಕಿಸಿ
ಸುತ್ತು ಬಿಗಿದರೆ ಆ ಸುತ್ತಿನೊಳಗೇ ಸಂಸಾರ:
ಬೀಗದ ಕೈ, ಅಡಿಕೆ ಹೋಳು, ಚಿಲ್ಲರೆ, ಸೊಸೈಟಿಯ ಚೀಟಿ,
ಒಮ್ಮೆ ಒಂದು ಬೆಕ್ಕಿನ ಮರಿ.
ದೋಣಿ ಬಂದರೆ ತೊಡೆಮಟ್ಟದ ನೀರಿಗೆ ಇಳಿಯುವಳು,
ಬುಟ್ಟಿ ತಲೆಗೇರಿಸಿ ಹತ್ತುವಳು, ಒಂದು ನಿರಿಗೆ ಜಾರದು.

ಹೈಸ್ಕೂಲಿನ ಗ್ಯಾದರಿಂಗಿಗೆ ಹದಿನೆಂಟು ಹುಡುಗಿಯರು
ಇದೇ ತಾಡಪಾಲಿನದನ್ನು ಹಾಕಿ ಕುಣಿದರು.
ಅಜ್ಜಿಯರು ಕಚ್ಚೆಯವರು, ತಾಯಂದಿರು ನೈಟಿಯವರು,
ಇವರು ವೆಲ್ಕ್ರೋದವರು ಎಂದು ನಾನು ಹಿಂದಿನ ಸಾಲಲ್ಲಿ
ಮುಖ ಸಿಂಡರಿಸಿದೆ.
ಹೇಳಲೇಬೇಕು, ಆದರೂ. ಜಿಗಿದಾಗ
ಮೊಣಕಾಲಿಗೆ ಬಿಡುಗಡೆಯಾದ ಆ ದೊಡ್ಡ ಹೆಜ್ಜೆ,
ಅದು ಪಾಲಿಯೆಸ್ಟರಿನದಲ್ಲ.

ಕೈಮಗ್ಗದ್ದಕ್ಕೆ ಮೂರು ಸಾವಿರ. ಯಾರು ಕೊಡುತ್ತಾರೆ?
ಅಗ್ಗದ್ದು ಬಂದು ಅಸಲನ್ನು ಕೊಂದಿತೋ,
ಸತ್ತದ್ದರ ಮೇಲೆ ಹೊದಿಕೆಯಾಗಿ ಬಂತೋ
ಎಂದು ಮಿಶಿನ್ನು ತುಳಿಯುತ್ತ ಎರಡು ವಾರ ಯೋಚಿಸಿದೆ.
ಬಾಬಿನ್ನು ತುಂಬಿತು, ಉತ್ತರ ತುಂಬಲಿಲ್ಲ.

ಬುಧವಾರ ಹುಟ್ಟಿದವಳು ಬುಧವಾರವೇ ಬಂದಳು.
ಬಂದರಿನಲ್ಲಿ ಐಸಿನ ಮೇಲೆ ಜಾರಿ ಬಿದ್ದ ತೋಳು
ಈಗ ಬೆನ್ನಿಗೆ ಹೋಗುವುದಿಲ್ಲ.
ಮೈಮೇಲೆ ಅದೇ, ಇನ್ನೂರೆಂಬತ್ತು.
“ಎಂತ ನೋಡ್ತೆ ತಂಗಿ? ಎರಡು ತಿಂಗಳು ನೈಟಿಲಿ ಕೂತೆ.
ನೈಟಿ ಹಾಕಿ ಮೀನು ಮಾರಿದ್ರೆ ಚೌಕಾಶಿ ಜಾಸ್ತಿ.
ಇದು ಚರ್ರ್ ಅಂತದೆ, ಅನ್ಲಿ. ಕಚ್ಚೆ ಕಚ್ಚೆಯೇ.
ಒಂದೇ ತಕರಾರು, ಇದಕ್ಕೆ ಮಡಿಲಿಲ್ಲ ಮಾರಾಯ್ತಿ.
ಚಿಲ್ಲರೆ ಎಲ್ಲಿ ಇಡೂದು?”

ಚೀಲದಿಂದ ಹಳೆಯ ಸೀರೆಯ ಸೆರಗು ತೆಗೆದಳು,
ಉಪ್ಪು ತಿಂದು ತಿಂದು ಮೆತ್ತಗಾದದ್ದು.
ಗೇಣುದ್ದ ಕತ್ತರಿಸಿದೆ. ಕತ್ತರಿಗೇ ಮನಸ್ಸಿರಲಿಲ್ಲ.
ಸೀರೆ ಹೊಲಿಯುವುದಿಲ್ಲ ಎಂದವಳು
ಎರಡು ಸುತ್ತು ದಾರ ಹಾಕಿ ಗಟ್ಟಿ ಹೊಲಿದೆ.

ಬಾಗಿಲಲ್ಲಿ ನಿಂತಿದ್ದ ಕಾಲೇಜು ಹುಡುಗಿ ಕೇಳಿದಳು:
“ಅಕ್ಕಾ, ನಂದಕ್ಕೂ ಒಂದು ಹಚ್ಚಿಕೊಡಿ. ಮೊಬೈಲ್ ಇಡೂಕೆ.”
ನಲವತ್ತು ರೂಪಾಯಿ ಎಂದೆ. ಮೂವತ್ತಕ್ಕೆ ಇಳಿದೆ.

ಬುದವಂತಿ ಚಿಲ್ಲರೆ ಸುರಿದುಕೊಂಡು ತಟ್ಟಿ ನೋಡಿದಳು.
ಹಾಕಿಕೊಂಡವಳು
ಉಟ್ಟವಳ ಹಾಗೆ ನಡೆದಳು.
ಬಸ್ಸು ಹತ್ತುವಾಗ ಮಾತ್ರ
ಚರ್ರ್ ಎಂದಿತು.